ಸುರೇಖಾಳ ತೂಕದ ಬೆಲ್ಲ

ಮೆಹಬೂಬಬೀ ಬೇಕೆಂದು ಆಡಿದ ಮಾತಲ್ಲ ಅದು. ಹೊಲಿಗೆ ಮಷೀನಿನ ಮುಂದೆ ಕೂತಾಗ ಅವಳ ಕಾಲು ಒಂದು ಕಡೆ ಓಡಿದರೆ ಬಾಯಿ ಇನ್ನೊಂದು ಕಡೆ ಓಡುತ್ತದೆ. ಸಿದ್ದಾಪುರದ ಆ ಓಣಿಯಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ ಇದು. ಪಾರ್ವತೆಮ್ಮ ಸೀರೆಗೆ ಫಾಲ್ ಹಚ್ಚಿಸಲು ಹೋದವಳು ಎಂದಿನಂತೆ ಹೊಸ್ತಿಲ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದಳು.

"ಯಕ್ಕಾ, ನಿನ್ನ ಮೊಮ್ಮಗಳ ಜಂಪರ ಆಗ್ಯಾವ ನೋಡು, ಒಯ್ದಬಿಡು. ಎರಡೂ ಒಳಗ ಹಿಡದೀನಿ."

"ಹೊರಗ ಬಿಟ್ಟೀನಿ ಅನ್ನವಾ. ನಮ್ಮ ಸುರೇಖಾನ ಜಂಪರ ಒಳಗ ಹಿಡಿಯೂದು ಎಲ್ಲಿಂದ ಬಂತು?"

"ನಂಗ ಒಳಗ ಹೊರಗ ಗೊತ್ತಾಗಂಗಿಲ್ಲೇನು? ಎರಡೆರಡು ಬಟ್ಟು ಹಿಡದೀನಿ. ಹಂಗ ತೊಟ್ಟಿದ್ರ ಹೆಗಲಿಂದ ಜಾರಿ ಬೀಳ್ತಿದ್ವು."

ಪಾರ್ವತೆಮ್ಮನ ಕೈಯ ಎಲೆ ಕೈಯಲ್ಲೇ ಉಳಿಯಿತು. ಮಷೀನು ಇನ್ನೂ ಸ್ವಲ್ಪ ಓಡಿ ಅದೂ ನಿಂತಿತು.

"ಏನಾತಬೇ ಯಕ್ಕಾ? ನಿನ್ನ ಬಾಯಿ ಸುಮ್ಮನಾದದ್ದು ನಾ ಇವತ್ತ ನೋಡಾಕ ಹತ್ತೀನಿ."

"ಏನಿಲ್ಲ, ಅಡಿಕಿ ಸಿಕ್ಕೊಂತು," ಎಂದಳು ಪಾರ್ವತೆಮ್ಮ, ಅಡಿಕೆಯನ್ನು ಇನ್ನೂ ಬಾಯಿಗೇ ಹಾಕಿಕೊಂಡಿರಲಿಲ್ಲ.

ಜಾರಿ ಬೀಳುವುದು ಎಂದರೆ ಆ ಮನೆಯಲ್ಲಿ ಸಣ್ಣ ಮಾತಲ್ಲ. ಸುರೇಖಾ ಆರು ವರ್ಷದವಳಿದ್ದಾಗ ಎಲ್ಲ ಶುರುವಾದದ್ದೇ ಹಾಗೆ. ಶಾಲೆಯ ನೀಲಿ ಲಂಗ ನಡುವಿನ ಮೇಲೆ ನಿಲ್ಲುತ್ತಿರಲಿಲ್ಲ. ಒಂದು ಕೈಯಲ್ಲಿ ಲಂಗ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಪಾಟಿಯ ಮೇಲೆ ಬರೆಯುತ್ತಿದ್ದಳಂತೆ. ಆಮೇಲೆ ಜ್ವರ ಬಂತು, ಮೈಮೇಲೆ ನೀಲಿ ಕಲೆಗಳು ಬಂದವು, ಗಂಗಾವತಿಯ ಡಾಕ್ಟರು ಬಳ್ಳಾರಿಗೆ ಕಳಿಸಿದರು. ರಕ್ತದ ಕ್ಯಾನ್ಸರ್ ಎಂಬ ಶಬ್ದವನ್ನು ಆ ಮನೆಯವರು ಇವತ್ತಿಗೂ ಪೂರ್ತಿ ಉಚ್ಚರಿಸುವುದಿಲ್ಲ. 'ಆ ಬ್ಯಾನಿ' ಎನ್ನುತ್ತಾರೆ, ಅಷ್ಟೇ. ಆಸ್ಪತ್ರೆಯಲ್ಲಿ ಕೂಸು ತೊಗಲು ಎಲುಬು ಆಗಿ ಮಲಗಿದ್ದಾಗ ಪಾರ್ವತೆಮ್ಮ ಹುಲಿಗೆಮ್ಮನಿಗೆ ಒಂದು ಹರಕೆ ಹೊತ್ತಳು. ಕೂಸು ಉಳಿಯಲಿ ತಾಯಿ, ಇವಳ ಮದುವೆ ಆಗುವ ತನಕ ವರ್ಷ ವರ್ಷ ಇವಳ ತೂಕದಷ್ಟು ಬೆಲ್ಲ ನಿನ್ನ ಬಾಗಿಲಲ್ಲಿ ಹಂಚುತ್ತೇನೆ.

ಕೂಸು ಉಳಿಯಿತು. ಬರೀ ಉಳಿಯಲಿಲ್ಲ, ತುಂಬಿಕೊಂಡಿತು. ಮೊದಲು ಗಲ್ಲ, ಆಮೇಲೆ ತೋಳು, ಆಮೇಲೆ ಮೈಯೆಲ್ಲ. ದೀಪಾವಳಿ ಕಳೆದ ಮೊದಲ ಮಂಗಳವಾರ ಮನೆಯ ಪಡಸಾಲೆಯಲ್ಲಿ ತಕ್ಕಡಿ ಕಟ್ಟಿ ತೂಗಿದಾಗ ಪ್ರತಿ ವರ್ಷ ಬೆಲ್ಲದ ಪೆಂಟಿಗಳು ಹೋದ ವರ್ಷಕ್ಕಿಂತ ಹೆಚ್ಚೇ ಬೇಕಾಗುತ್ತಿದ್ದವು. ಒಂದೊಂದು ಪೆಂಟಿ ಹೆಚ್ಚಾದಾಗಲೂ ಪಾರ್ವತೆಮ್ಮ ಆ ಬ್ಯಾನಿ ಇನ್ನೊಂದು ಊರಿನಷ್ಟು ದೂರ ಹೋಯಿತು ಎಂದುಕೊಳ್ಳುತ್ತಿದ್ದಳು. ಈಗ ಹುಡುಗಿಗೆ ಇಪ್ಪತ್ತೊಂದು, ಗಂಗಾವತಿಯಲ್ಲಿ ಬಿ.ಕಾಂ. ಓದುತ್ತಾಳೆ. ಈ ವರ್ಷದ ಬೆಲ್ಲದ ಮಂಗಳವಾರ ಬಹಳ ದೂರ ಇರಲಿಲ್ಲ. ಅಂಥದ್ದರಲ್ಲಿ ಜಂಪರ ಎರಡು ಬಟ್ಟು ಒಳಗೆ!

ಮನೆಗೆ ಬಂದ ಪಾರ್ವತೆಮ್ಮ ಮಗನಿಗೆ ಏನೂ ಹೇಳಲಿಲ್ಲ. ಹಂಪಣ್ಣ ಬೆಲ್ಲ, ಬೇಳೆಯ ಕಿರಾಣಿ ಅಂಗಡಿ ನಡೆಸುವ ಗಟ್ಟಿ ಮನುಷ್ಯ, ಗಿರಾಕಿಯ ಜೊತೆ ಜಗಳಕ್ಕೆ ನಿಂತರೆ ಬಸ್ ಸ್ಟ್ಯಾಂಡಿನ ತನಕ ಕೇಳುತ್ತದೆ. ಆದರೆ ಮಗಳು ಸೀನಿದರೆ ಅವನ ಕೈಕಾಲು ತಣ್ಣಗಾಗುತ್ತವೆ. ಸೊಸೆ ವಿಜಯಲಕ್ಷ್ಮಿಯೂ ಹಾಗೇ. ಮೊದಲು ನಾನೇ ನೋಡುತ್ತೇನೆ, ಆಮೇಲೆ ಹೇಳಿದರಾಯಿತು ಎಂದುಕೊಂಡಳು ಅಜ್ಜಿ. ನೋಡುವುದು, ಕೇಳುವುದು, ಕೆದಕುವುದು ಅವಳಿಗೆ ಹುಟ್ಟಿನಿಂದ ಬಂದದ್ದು. ಪಕ್ಕದ ಮನೆಯ ಕುಕ್ಕರು ಸೀಟಿ ಹೊಡೆದರೆ ಒಳಗೆ ಬೇಳೆಯೋ ಅಕ್ಕಿಯೋ ಎಂದು ತಿಳಿಯದೆ ಅವಳಿಗೆ ಊಟ ಸೇರುವುದಿಲ್ಲ.

ಅಂದು ರಾತ್ರಿ ಊಟಕ್ಕೆ ಅವಳೇ ಬಡಿಸಲು ಕೂತಳು. ಜೋಳದ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಚಟ್ನಿ, ಮೇಲೆ ತುಪ್ಪ. ಮೊಮ್ಮಗ ಗವಿಸಿದ್ದೇಶ ರೊಟ್ಟಿಯ ಮೇಲೆ ರೊಟ್ಟಿ ಮುರಿಯುತ್ತಿದ್ದ. ಸುರೇಖಾ ಒಂದು ರೊಟ್ಟಿಗೇ ಕೈ ತೊಳೆಯಲು ಎದ್ದಳು.

"ಇನ್ನೊಂದು ಹಾಕಿಸ್ಕೊ ಯವ್ವಾ."

"ಸಾಕಜ್ಜಿ."

"ಅರ್ಧಾರ?"

"ಅರ್ಧಾ ನನಗ ಹಾಕಬೇ ಅಜ್ಜಿ," ಎಂದ ಗವಿಸಿದ್ದೇಶ.

ಪಾರ್ವತೆಮ್ಮ ಅವನ ಕಡೆ ನೋಡಿದಳು. ನುಗ್ಗೆಕಾಯಿಯ ಹಾಗೆ ಉದ್ದಕ್ಕೆ ಬೆಳೆದ ಹುಡುಗ, ಎಷ್ಟು ತಿಂದರೂ ಅಂಗಿಯೊಳಗೆ ಗಾಳಿ. ಇದು ಅವಳ ಹಳೆಯ ಒಗಟು. ಇಷ್ಟು ತಿನ್ನುವ ಇವನ ಮೈಗೆ ಹತ್ತದ್ದು ಇದರ ಅರ್ಧ ತಿನ್ನುವ ಅವಳಿಗೆ ಹೇಗೆ ಹತ್ತುತ್ತದೆ? ಅವಳು ಕದ್ದು ತಿನ್ನುತ್ತಾಳೆ ಎಂದು ನಳದ ಹತ್ತಿರ ಯಾರೋ ಆಡಿಕೊಂಡರು ಎಂದು ಪಾರ್ವತೆಮ್ಮ ಒಮ್ಮೆ ಕೊಡ ಕೆಳಗಿಟ್ಟು ಜಗಳ ಮಾಡಿ ಬಂದಿದ್ದಳು. ಜಗಳವನ್ನೇನೋ ಗೆದ್ದಳು, ಒಗಟು ಮಾತ್ರ ಬಿಡಲಿಲ್ಲ. ಹುಲಿಗೆಮ್ಮನ ದಯೆ ಎಂದು ಅದಕ್ಕೊಂದು ಉತ್ತರ ಕೊಟ್ಟು ಸುಮ್ಮನಾಗಿದ್ದಳು.

ಮರುದಿನ ಪಾರ್ವತೆಮ್ಮ ಮೆಹಬೂಬಬೀಯ ಮಗಳಾದ ಶಾಹಜಾದಬಿಯನ್ನು ಓಣಿಯ ತಿರುವಿನಲ್ಲಿ ಹಿಡಿದಳು. ಅವಳೂ ಸುರೇಖಾಳೂ ಒಂದೇ ಕಾಲೇಜು, ಒಂದೇ ಬಸ್ಸು, ಒಂದೇ ಬೆಂಚು.

"ಏ ಶಾಹಜಾದಿ, ಬಾ ಇಲ್ಲಿ. ನಾ ಕಟ್ಟಿ ಕೊಡೂ ಡಬ್ಬಿ ಅಕಿ ಉಂತಾಳೋ ಇಲ್ಲೋ?"

"ಉಂತಾಳಜ್ಜಿ."

"ಅಂಟಿನ ಉಂಡಿ?"

ಶಾಹಜಾದಬಿ ದುಪಟ್ಟಾವನ್ನು ಬಾಯಿಗೆ ಒತ್ತಿಕೊಂಡಳು. "ಉಂಡಿ ಭಾಳ ಛಲೋ ಇರ್ತಾವಜ್ಜಿ. ಕೊಬ್ರಿ ಇನ್ನೊಂಚೂರು ಹೆಚ್ಚಿಗಿ ಹಾಕಿದ್ರ..."

"ಹೌದಾ? ನಿನ್ನ ಗಲ್ಲ ಯಾಕ ಹಿಂಗ ತುಂಬ್ಯಾವ ಅಂತ ನಿಮ್ಮವ್ವ ಕೇಳಾಕ ಹತ್ತಿದ್ಲು. ಉತ್ತರಾ ನನ್ನ ಅಡಗಿ ಮನ್ಯಾಗ ಐತಿ ಅನ್ನು!"

ಹುಡುಗಿ ಓಡಿಯೇ ಹೋದಳು. ಪಾರ್ವತೆಮ್ಮ ನಗುತ್ತಲೇ ನಿಂತಿದ್ದವಳು, ನಗು ಮುಗಿದ ಮೇಲೆ ಅಲ್ಲೇ ಕಟ್ಟೆಯ ಮೇಲೆ ಕೂತಳು. ಹಾಗಾದರೆ ಸುರೇಖಾಳಿಗೆ ಬಾಯಿ ರುಚಿ ಇಲ್ಲ. ಅವತ್ತೂ ಹೀಗೇ ಆಗಿತ್ತಲ್ಲ, ಬಾಯಿಗೆ ಇಟ್ಟದ್ದನ್ನು ಕೂಸು ಹೊರಗೆ ತೆಗೆಯುತ್ತಿತ್ತು.

ಇನ್ನು ಒಂದು ಸಂಗತಿ ಉಳಿದಿತ್ತು. ಈಚೆಗೆ ಸುರೇಖಾ ನಸುಕಿನಲ್ಲೇ ಎದ್ದು ಶಾಹಜಾದಬಿಯ ಮನೆಗೆ ಓದಲು ಹೋಗುತ್ತೇನೆ ಎಂದು ಹೊರಡುತ್ತಿದ್ದಳು. ಓದಲು ಹೋಗುವವಳ ಕೈಯಲ್ಲಿ ಪುಸ್ತಕ ಇರುತ್ತಿರಲಿಲ್ಲ, ಕಾಲಲ್ಲಿ ಬೂಟು ಇರುತ್ತಿತ್ತು. ಯಾವನಾದರೂ ಇದ್ದಾನೋ ಏನೋ ಎಂದುಕೊಂಡಾಗ ಪಾರ್ವತೆಮ್ಮನಿಗೆ ಅರೆಕ್ಷಣ ಸಮಾಧಾನವೇ ಆಯಿತು. ಹುಡುಗ ಇದ್ದರೆ ಬೈದು ಬಿಡಿಸಬಹುದು, ಇಲ್ಲ ಮದುವೆ ಮಾಡಬಹುದು.

ಒಂದು ಮುಂಜಾನೆ ಶಾಲು ಹೊದ್ದುಕೊಂಡು ಹಿಂದೆಯೇ ಹೋದಳು. ಹುಡುಗಿಯರು ಊರು ದಾಟಿ ಕಾಲುವೆಯ ಏರಿ ಹಿಡಿದರು. ಎರಡೂ ಬದಿಗೆ ಕೊಯ್ಲಿಗೆ ಬಂದ ಭತ್ತ, ಮೇಲೆ ತೆಳ್ಳನೆ ಮಂಜು. ಪಾರ್ವತೆಮ್ಮ ಪಂಪಿನ ಕೋಣೆಯ ಮರೆಯಲ್ಲಿ ನಿಂತಳು. ಹುಡುಗಿಯರು ಬಹಳ ಅವಸರದಲ್ಲಿದ್ದವರ ಹಾಗೆ ಬೀಸು ಹೆಜ್ಜೆ ಹಾಕುತ್ತ ಮುಂದಿನ ಸೇತುವೆಯ ತನಕ ಹೋದರು. ಅಲ್ಲಿ ಯಾರೂ ಇರಲಿಲ್ಲ. ಅಲ್ಲಿಂದ ತಿರುಗಿ ಅಷ್ಟೇ ಅವಸರದಲ್ಲಿ ವಾಪಸು ಬಂದರು. ಪಂಪಿನ ಕೋಣೆಯ ಹತ್ತಿರ ಬಂದು ಮತ್ತೆ ತಿರುಗಿ ಸೇತುವೆಯ ಕಡೆ ಹೊರಟರು.

ಪಾರ್ವತೆಮ್ಮ ತನ್ನ ಆಯುಷ್ಯದಲ್ಲಿ ಬಹಳ ನಡೆದವಳು. ನೀರಿಗೆ ನಡೆದಿದ್ದಾಳೆ, ಕಳೆ ಕೀಳಲು ನಡೆದಿದ್ದಾಳೆ, ಹುಲಿಗೆಮ್ಮನ ಊರು ಹುಲಿಗಿಗೆ ನಡೆದಿದ್ದಾಳೆ. ಆದರೆ ಎಲ್ಲಿಗೂ ಅಲ್ಲದೆ ನಡೆಯುವುದನ್ನು ಇಷ್ಟು ಹತ್ತಿರದಿಂದ ಅವಳು ನೋಡಿರಲಿಲ್ಲ. ತಡೆಯಲಾಗದೆ ಮರೆಯಿಂದ ಹೊರಗೆ ಬಂದೇಬಿಟ್ಟಳು.

"ಏನ ಕಳಕೊಂಡೀರೆ ಇಲ್ಲಿ?"

ಶಾಹಜಾದಬಿ "ಯಾ ಅಲ್ಲಾ!" ಎಂದು ಎದೆ ಹಿಡಿದುಕೊಂಡಳು. ಸುರೇಖಾ ಬೆವತ ಮುಖ ಒರೆಸಿಕೊಳ್ಳುತ್ತ ನಿಂತಳು. ಬೆಳಗಿನ ಬೆಳಕಿನಲ್ಲಿ ಆ ಮುಖ ನೋಡಿ ಅಜ್ಜಿಗೆ ಗೊಂದಲವಾಯಿತು. ಬ್ಯಾನಿಯ ಮುಖ ಅವಳು ಬಲ್ಲಳು, ಸುಣ್ಣದ ಗೋಡೆಯ ಹಾಗಿರುತ್ತದೆ ಅದು. ಇದು ಕೆಂಪಗೆ ಹೊಳೆಯುತ್ತಿತ್ತು.

"ನಡಿಯಾಕ ಬಂದೀವಜ್ಜಿ."

"ನಡಿಯೂದು ನಾನೂ ನೋಡಿದೆ. ಎಲ್ಲಿಗೆ?"

"ಎಲ್ಲಿಗೂ ಇಲ್ಲ. ತೂಕ ಇಳಸಾಕ."

ಪಾರ್ವತೆಮ್ಮ ಏರಿಯ ಮೇಲಿನ ಕಲ್ಲಿನ ಮೇಲೆ ಕುಸಿದು ಕೂತಳು. ತೂಕ ಇಳಿಸುವುದು! ಒಂದೊಂದು ಗುಟುಕು ಗಂಜಿಗೆ ಒಂದೊಂದು ಕಥೆ ಹೇಳಿ ಏರಿಸಿದ ತೂಕ ಅದು.

"ಯಾವ ಮಂದಿ ಏನ ಅಂದ್ರು ನಿನಗ? ಹೆಸರು ಹೇಳು, ನಾ ನೋಡ್ಕೊಂತೀನಿ."

"ಮಂದಿ ಅಂತಾರ, ಅದನ್ನ ಬಿಡಜ್ಜಿ. ದಪ್ಪಿ ಅಂತಾರ, ಬೆಲ್ಲದ ಗಾಡಿ ಬಂತು ಅಂತಾರ. ನನಗ ರೂಢಿ ಆಗೇತಿ. ಕಾಲೇಜಿನ ಮೆಟ್ಟಲ ಹತ್ತಿದ್ರ ಎದಿ ಢವಢವ ಹೊಡಕೊಂತಿತ್ತು. ಹೋದ ಸಲ ಬಳ್ಳಾರಿಗಿ ತೋರಿಸಾಕ ಹೋದಾಗ, ಅಪ್ಪ ಹೊರಗ ಔಷಧ ತರಾಕ ಹೋಗಿದ್ದ, ಡಾಕ್ಟರ್ ನಂಗ ಹೇಳಿದ್ರು, ಸಕ್ಕರಿ ಬ್ಯಾನಿ ಅಂಚಿಗಿ ಬಂದೈತಿ, ತೂಕ ಇಳಸಬೇಕು ಅಂತ."

"ಮತ್ತ ಮನ್ಯಾಗ ಯಾಕ ಹೇಳಲಿಲ್ಲ?"

"ಹೆಂಗ ಹೇಳ್ಲಿ? ಒಂದು ರೊಟ್ಟಿ ಬ್ಯಾಡ ಅಂದ್ರ ಅಪ್ಪ ಥರ್ಮಾಮೀಟರ್ ತರ್ತಾನ. ಅವ್ವ ದೇವರ ಮುಂದ ಕೂತು ಅಳ್ತಾಳ. ನೀನು ಉಂಡಿ ಕಟ್ತಿ."

ಹಿಂದಿನ ಸಂಜೆಯಷ್ಟೇ ಪಾರ್ವತೆಮ್ಮ ಉಂಡೆ ಕಟ್ಟಲು ಹೊಸ ಅಂಟು ತರಿಸಿದ್ದಳು.

"ಸುಳ್ಳ ಹೇಳಾಕ ಹತ್ತಿಲ್ಲ ಹೌದಲ್ಲೊ? ಬ್ಯಾನಿ ತಿರುಗಿ ಬಂದೈತಿ, ಅಜ್ಜಿ ಎದಿ ಒಡಕೊಂತಾಳ ಅಂತ ಮುಚ್ಚಿಡಾಕ ಹತ್ತಿಲ್ಲ ಹೌದಲ್ಲೊ?"

"ನಾ ಹೇಳಿದ್ರ ನೀ ನಂಬಂಗಿಲ್ಲ. ಬರೂ ಸೋಮವಾರ ಮತ್ತ ಬಳ್ಳಾರಿಗಿ ಹೋಗೂದೈತಿ, ಬಾ ನನ್ನ ಜೋಡಿ. ಅವರನ್ನ ಕೇಳು. ನಿನಗ ಕೇಳೂದು ಕಲಿಸಬೇಕೇನು?"

ಹಾಗೆ ಪಾರ್ವತೆಮ್ಮ ಬಳ್ಳಾರಿಗೆ ಹೊರಟಳು. ಹಂಪಣ್ಣನಿಗೆ, ಹಬ್ಬದ ಅಂಗಡಿ ಬಿಟ್ಟು ನೀನೇಕೆ ಬರುತ್ತಿ, ಈ ವರ್ಷದ ಚೆಕಪ್ಪಿಗೆ ನಾನು ಕರೆದುಕೊಂಡು ಹೋಗುತ್ತೇನೆ ಎಂದಳು. ಅವನು ಅದರಲ್ಲೇನೂ ವಿಶೇಷ ಕಾಣಲಿಲ್ಲ.

ಆಸ್ಪತ್ರೆಯ ವಾಸನೆ ಬದಲಾಗಿರಲಿಲ್ಲ. ಮೊದಲ ಮಹಡಿಯ ಮೆಟ್ಟಿಲು ಹತ್ತುವಾಗ ಪಾರ್ವತೆಮ್ಮ ಅರ್ಧದಲ್ಲಿ ನಿಂತು, ಉಸಿರು ಬಿಟ್ಟು, ಮತ್ತೆ ಹತ್ತಿದಳು. ಹಳೆಯ ಉದ್ದನೆಯ ಡಾಕ್ಟರು ಈಗ ಇರಲಿಲ್ಲ. ಕೂಸಿನ ತೂಕ ಸ್ವಲ್ಪ ಏರಿದರೂ ಚಪ್ಪಾಳೆ ಹೊಡೆಯುತ್ತಿದ್ದ ಮನುಷ್ಯ ಅವರು. ಅವರ ಜಾಗದಲ್ಲಿ ಕನ್ನಡಕದ ಒಬ್ಬ ಡಾಕ್ಟರಮ್ಮ, ಮಾತು ಧಾರವಾಡದ ಕಡೆಯದು. ಸುರೇಖಾಳನ್ನು ಮಷೀನಿನ ಮೇಲೆ ನಿಲ್ಲಿಸಿ ನೋಡಿ, "ಶಾಬಾಸ್! ಛಲೋ ಇಳದೀರಿ," ಎಂದರು.

ಪಾರ್ವತೆಮ್ಮನಿಗೆ ಇನ್ನು ತಡೆಯುವುದು ಸಾಧ್ಯವೇ ಇರಲಿಲ್ಲ.

"ಏನ್ರಿ ಅಮ್ಮಾರ, ಇದ ದವಾಖಾನ್ಯಾಗ ಮೊದಲ ಏರಿದ್ರ ಶಾಬಾಸ್ ಅಂತಿದ್ರಿ, ಈಗ ಇಳಿದ್ರ ಶಾಬಾಸ್ ಅಂತೀರಿ. ನಮ್ಮಂಥವರು ಯಾವುದನ್ನ ಹಿಡೀಬೇಕ್ರಿ?"

ಡಾಕ್ಟರಮ್ಮ ನಕ್ಕು ಕುರ್ಚಿ ತೋರಿಸಿದರು. "ಕೂರ್ರಿ ಅಜ್ಜಿ. ನಿಮ್ಮ ಸೊಸಿ ಹಡದಾಗ ಬಾಣಂತನ ನೀವ ಮಾಡಿದ್ರಿ?"

"ಮತ್ಯಾರು ಮಾಡ್ತಾರ್ರಿ? ಅಂಟಿನ ಉಂಡಿ, ತುಪ್ಪ, ಬೆಳ್ಳುಳ್ಳಿ, ಎಲ್ಲಾ ನಾನ."

"ಎಷ್ಟು ದಿನಾ ಉಣಿಸಿದ್ರಿ?"

"ಅಕಿ ಎದ್ದು ಓಡ್ಯಾಡೂ ತನಕ. ಆಮ್ಯಾಲೂ ಹಂಗ ಉಣಿಸಿದ್ರ ಮೈಗೆ ಒಳ್ಳೇದಲ್ಲ, ಅಲ್ರಿ?"

"ಮತ್ತ ಈ ಹುಡುಗಿಗೆ ಹದಿನೈದು ವರ್ಷದಿಂದ ಬಾಣಂತನ ಮಾಡಾಕ ಹತ್ತೀರಲ್ರಿ!"

ಸುರೇಖಾ ಕಿಟಕಿಯ ಕಡೆ ತಿರುಗಿ ನಕ್ಕಳು. ಪಾರ್ವತೆಮ್ಮನಿಗೆ ತನ್ನ ಹಳೆಯ ಒಗಟು ನೆನಪಾಯಿತು.

"ಅದು ಇರ್ಲಿ. ಇಕಿ ತಮ್ಮ ಇಕಿ ಎರಡರಷ್ಟು ತಿಂತಾನ್ರಿ, ಅಂವಗ ಯಾಕ ಹತ್ತವಲ್ದು? ಅಷ್ಟ ಹೇಳ್ರಿ."

"ಎಲ್ಲಾ ಉಣ್ಣೂದರಿಂದ ಅಲ್ಲಜ್ಜಿ," ಎಂದರು ಡಾಕ್ಟರಮ್ಮ, ಈ ಸಲ ನಗದೆ. "ಆ ಬ್ಯಾನಿ ಕಳಿಯಾಕ ಸಣ್ಣ ಕೂಸಿಗೆ ಭಾಳ ಬಿರುಸು ಔಷಧ ಕೊಟ್ಟಾರ. ಅದರಾಗ ಕೆಲವು ಗುಳಗಿ ಹಸಿವು ಹೆಚ್ಚು ಮಾಡ್ತಾವ, ಮೈಯಾಗ ಕೊಬ್ಬು ಕೂಡಸ್ತಾವ. ತಲಿಗೆ ಕರೆಂಟು ಕೊಟ್ಟಿದ್ರು, ನೆನಪೈತೇನು?"

ನೆನಪಿಲ್ಲದೆ ಏನು. ತಲೆ ಬೋಳಾದ ಕೂಸನ್ನು ರೇಡಿಯೇಶನ್ನಿನ ದೊಡ್ಡ ಮಷೀನಿನ ಕೆಳಗೆ ಒಬ್ಬಂಟಿಯಾಗಿ ಮಲಗಿಸುತ್ತಿದ್ದರು. ಬಾಗಿಲ ಹೊರಗೆ ನಿಂತು ಪಾರ್ವತೆಮ್ಮ ಒಳಗೆ ಕೇಳಲಿ ಎಂದು ಗಟ್ಟಿಯಾಗಿ ಕಥೆ ಹೇಳುತ್ತಿದ್ದಳು.

"ಹೊಟ್ಟಿ ತುಂಬೇತಿ, ಸಾಕು ಅಂತ ಹೇಳೂ ಜಾಗ ತಲ್ಯಾಗ ಐತಿ ಅಜ್ಜಿ. ಮೈ ಉಂಡದ್ದನ್ನ ಹೆಂಗ ಖರ್ಚು ಮಾಡಬೇಕು ಅನ್ನೂದನ್ನ ನೋಡೂದೂ ಅದರ ಹತ್ರಾನ ಐತಿ. ಕರೆಂಟು ಕೊಟ್ಟ ಕೆಲವು ಮಕ್ಕಳಿಗೆ ಅದು ಒಂಚೂರು ಮಂಕಾಗ್ತೈತಿ. ಎಲ್ಲಾರಿಗೂ ಆಗಂಗಿಲ್ಲ. ಯಾರಿಗೆ ಎಷ್ಟು ಅಂತ ನಮಗೂ ಪೂರಾ ಹೇಳಾಕ ಬರಂಗಿಲ್ಲ. ಇಕಿ ಹೊಟ್ಟಿಬಾಕಿ ಅಲ್ಲ, ತಪ್ಪೂ ಇಕೀದಲ್ಲ. ಆದ್ರ ಆಗ ಕೊಟ್ಟ ಒಂದು ಕೆಂಪು ಔಷಧ ಎದಿಗೂ ದಣಿವು ಮಾಡಿರ್ತೈತಿ. ಆ ಎದಿ ಮ್ಯಾಲ ಇಷ್ಟು ಹೊರಿ ಹಾಕಬಾರದು. ಅದಕ್ಕ ಇಳಸ್ರಿ ಅಂದೀವಿ."

ಪಾರ್ವತೆಮ್ಮ ಮೊಮ್ಮಗಳ ಕಡೆ ನೋಡಿದಳು. ಇಪ್ಪತ್ತೊಂದು ವರ್ಷ ದಿನಾಲೂ ನೋಡಿದ ಹುಡುಗಿ. ಒಳಗೆ ಇಷ್ಟೆಲ್ಲ ನಡೆದಿತ್ತು, ಹೊರಗೆ ಗಲ್ಲ ಮಾತ್ರ ಕಾಣುತ್ತಿತ್ತು.

"ಕೊನೀದು ಒಂದು ಕೇಳ್ತೀನ್ರಿ. ಬ್ಯಾನಿಲೆ ಸೊರಗೂದಕ್ಕೂ ಹಿಂಗ ನಡದು ಸೊರಗೂದಕ್ಕೂ ಫರಕು ಹೆಂಗ ತಿಳೀಬೇಕು? ಜಂಪರ ಎರಡರಾಗೂ ಸಡ್ಲ ಆಗ್ತೈತಲ್ರಿ."

ಡಾಕ್ಟರಮ್ಮ ಕನ್ನಡಕ ತೆಗೆದು ಅವಳನ್ನು ನೋಡಿದರು. "ಛಲೋ ಕೇಳಿದ್ರಿ. ಬರೇ ಕಣ್ಣಿಲೆ ಹೇಳಬಾರದು, ಅದಕ್ಕ ರಕ್ತಾ ನೋಡ್ತೀವಿ. ಇವತ್ತ ಮುಂಜಾನಿ ನೋಡೀವಿ, ಎಲ್ಲಾ ಸರಿ ಐತಿ. ಇನ್ನ ನಿಮ್ಮ ಸಮಾಧಾನಕ್ಕ ಒಂದು ಕೇಳ್ತೀನಿ. ಇವತ್ತ ಈ ಮೆಟ್ಟಲ ಯಾರು ಮೊದಲ ಹತ್ತಿದ್ರು?"

"ಅಕೀನ. ನಾ ನಡುವ ನಿಂತಿದ್ದೆ."

"ಅವತ್ತ ಆ ಬ್ಯಾನಿ ಇದ್ದಾಗ?"

"ಎತ್ತಕೊಂಡು ಹತ್ತಿದ್ದೆ ನಾನು," ಎಂದಳು ಪಾರ್ವತೆಮ್ಮ.

ವಾಪಸು ಬರುವಾಗ ಬಸ್ ಸ್ಟ್ಯಾಂಡಿನಲ್ಲಿ ಅವಳ ಕೈ ತಾನಾಗಿಯೇ ಮಿರ್ಚಿ ಭಜಿ ಕೊಂಡಿತು. ಬಸ್ಸು ಹತ್ತಿ ಕೂತ ಮೇಲೆ ಪೊಟ್ಟಣ ಮೊಮ್ಮಗಳ ಕಡೆ ಚಾಚಿ, ಅರ್ಧದಲ್ಲೇ ಹಿಂದೆ ತೆಗೆದುಕೊಂಡು, ಏನು ಮಾಡಬೇಕೆಂದು ತಿಳಿಯದೆ ತಾನೇ ತಿಂದಳು. ಸುರೇಖಾ ಒಂದು ತುದಿ ಮುರಿದುಕೊಂಡು, "ಇಷ್ಟು ನಡಿತೈತಿ," ಎಂದಳು. ದಾರಿಯಲ್ಲಿ ಇಬ್ಬರೂ ಮಾತಾಡಿಕೊಂಡರು. ಹಂಪಣ್ಣನಿಗೆ ಹೇಳಬೇಕು. ನಾನೇ ಹೇಳುತ್ತೇನೆ, ನೀನು ಹೇಳಬೇಡ ಎಂದಳು ಸುರೇಖಾ. ಆದರೆ ಹಬ್ಬ ಬಂತು, ಅಂಗಡಿಯಲ್ಲಿ ಗದ್ದಲ, ಅಪ್ಪನ ಮುಖ ನೋಡಿದಾಗಲೆಲ್ಲ ಹುಡುಗಿಗೆ ಮಾತು ಬಾಯಿಯ ತನಕ ಬಂದು ಹಿಂದೆ ಹೋಯಿತು. ಅಷ್ಟರಲ್ಲಿ ಬೆಲ್ಲದ ಮಂಗಳವಾರವೇ ಬಂದುಬಿಟ್ಟಿತು.

ಆ ದಿನ ಅವರ ಮನೆಯ ಪಡಸಾಲೆಯ ತೊಲೆಗೆ ದೊಡ್ಡ ತಕ್ಕಡಿ ಕಟ್ಟುತ್ತಾರೆ. ಹಂಪಣ್ಣನ ಅಪ್ಪನ ಕಾಲದಲ್ಲಿ ಭತ್ತದ ಚೀಲ ತೂಗುತ್ತಿದ್ದ ತಕ್ಕಡಿ ಅದು. ಎರಡು ಕಡೆ ಸರಪಳಿಗೆ ಕಟ್ಟಿದ ಹಲಗೆ, ಒಂದರ ಮೇಲೆ ಬೆಲ್ಲ, ಒಂದರ ಮೇಲೆ ಸುರೇಖಾ. ಅಂಗಡಿಗೆ ಬೆಳಕಿನ ಅಂಕಿಯ ಮಷೀನು ಬಂದು ಎಷ್ಟೋ ಕಾಲವಾಗಿದ್ದರೂ ಹರಕೆಗೆ ಇದೇ ಬೇಕು. ಓಣಿಯವರೆಲ್ಲ ಸೇರುತ್ತಾರೆ. ಮೆಹಬೂಬಬೀ ವರ್ಷವೂ ತನ್ನದೊಂದು ಪೆಂಟಿ ತಂದು ಕೈಯಾರೆ ಇಡುತ್ತಾಳೆ. ಮೊದಲು ಹೋದ ವರ್ಷದಷ್ಟು ಬೆಲ್ಲ ಪೇರಿಸಿಡುವುದು, ಆಮೇಲೆ ಹುಡುಗಿ ಕೂರುವುದು, ಆಮೇಲೆ ಹಲಗೆ ಸಮ ಆಗುವ ತನಕ ಇನ್ನೊಂದು, ಇನ್ನೊಂದು ಎಂದು ಏರಿಸುವುದು. ಹರಕೆಯ ಕಟ್ಟು ಒಂದೇ: ತಾಯಿಯ ಹೆಸರು ಹೇಳಿ ಹಲಗೆಯ ಮೇಲೆ ಇಟ್ಟ ಬೆಲ್ಲವನ್ನು ಮತ್ತೆ ತೆಗೆಯಬಾರದು. ತೆಗೆಯುವ ಪ್ರಸಂಗ ಇಷ್ಟು ವರ್ಷದಲ್ಲಿ ಬಂದಿರಲೂ ಇಲ್ಲ.

ಸಣ್ಣವಳಿದ್ದಾಗ ಸುರೇಖಾಳಿಗೆ ಅದು ಜೋಕಾಲಿ. ದೊಡ್ಡವಳಾದ ಮೇಲೆ ಓಣಿಯ ಮಂದಿ 'ಇನ್ನೊಂದು!' ಎಂದು ಕೂಗುವಾಗ ನೆಲ ನೋಡುತ್ತ ಕೂರುವುದನ್ನು ಕಲಿತಿದ್ದಳು.

ಈ ಸಲವೂ ಹಂಪಣ್ಣ ಹುರುಪಿನಿಂದ ಪೆಂಟಿ ಪೇರಿಸಿದ. ಮೆಹಬೂಬಬೀ ತನ್ನದನ್ನು ಇಟ್ಟಳು. ಸುರೇಖಾ ಅಜ್ಜಿಯ ಮುಖವನ್ನೊಮ್ಮೆ ನೋಡಿ ಹಲಗೆಯ ಮೇಲೆ ಕೂತಳು. ಬೆಲ್ಲದ ಹಲಗೆ ನೆಲ ಬಿಟ್ಟು ಏಳಲಿಲ್ಲ. ಸುರೇಖಾಳ ಹಲಗೆ ಮೇಲೆಯೇ ಉಳಿಯಿತು, ಅವಳ ಕಾಲು ಗಾಳಿಯಲ್ಲಿ ತೂಗಾಡಿದವು.

"ಸರಪಳಿ ಸಿಕ್ಕೊಂಡಿರಬೇಕು," ಎಂದ ಹಂಪಣ್ಣ. ಸರಪಳಿ ಜಗ್ಗಿ ನೋಡಿದ. ಕೊಕ್ಕೆ ನೋಡಿದ. ಬೆಲ್ಲದ ಹಲಗೆಯ ಕೆಳಗೆ ಬಗ್ಗಿ ಕೈಯಾಡಿಸಿದ. ಎದ್ದು ನಿಂತಾಗ ಅವನ ಮುಖ ಸುಣ್ಣದ ಗೋಡೆಯಾಗಿತ್ತು. ವಿಜಯಲಕ್ಷ್ಮಿ ಆರತಿ ತಟ್ಟೆಯನ್ನು ಕಟ್ಟೆಯ ಮೇಲಿಟ್ಟು ಮಗಳ ತೋಳು ಮುಟ್ಟಿ ನೋಡಿದಳು, ಈಗ ತಾನೇ ಮೊದಲ ಸಲ ಕಂಡವಳ ಹಾಗೆ.

"ಸಣ್ಣಾಗ್ಯಾಳ," ಎಂದಿತು ಗುಂಪಿನೊಳಗಿನ ಒಂದು ದನಿ. ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡಿದರು.

"ಒಂದು ಪೆಂಟಿ ತೆಗದ ನೋಡ್ರಿ."

"ಇಟ್ಟದ್ದು ತೆಗೀತಾರೇನು? ತಾಯಿ ಸುಮ್ಮನಿರ್ತಾಳ?"

"ಇವತ್ತ ಬ್ಯಾಡ ಬಿಡ್ರಿ. ಒಂದಿಷ್ಟು ದಿನಾ ಛಲೋತ್ನಂಗ ಉಣಿಸಿ ತೂಗಿದ್ರಾತು."

"ಹೌದು, ಉಣಿಸ್ತೀನಿ. ನಾಳಿಂದ ಕಾಲೇಜೂ ಬ್ಯಾಡ, ಏನೂ ಬ್ಯಾಡ," ಎಂದಳು ವಿಜಯಲಕ್ಷ್ಮಿ.

"ಇಳಿ ಯವ್ವಾ, ಇಳಿ," ಎಂದ ಹಂಪಣ್ಣ. "ಗಾಡಿ ತರಸ್ತೀನಿ. ಈಗಿಂದೀಗ ಬಳ್ಳಾರಿಗಿ ಹೋಗೂಣು."

"ಅಪ್ಪಾ, ನಂಗೇನೂ ಆಗಿಲ್ಲ..."

ಯಾರೂ ಕೇಳಿಸಿಕೊಳ್ಳಲಿಲ್ಲ. ಸುರೇಖಾ ಎರಡೂ ಸರಪಳಿ ಹಿಡಿದು ಅಜ್ಜಿಯ ಕಡೆ ನೋಡಿದಳು.

ಡಾಕ್ಟರಮ್ಮ ಹೇಳಿದ್ದೆಲ್ಲ ಪಾರ್ವತೆಮ್ಮನ ತಲೆಯಲ್ಲಿ ಇತ್ತು, ಆದರೆ ಹುಡುಗಿ ಮೇಲೆ, ಬೆಲ್ಲ ಕೆಳಗೆ ಇರುವುದು ಕಣ್ಣ ಮುಂದೆ ಇತ್ತು. ಹದಿನೈದು ವರ್ಷ ಅವಳು ನಂಬಿದ್ದು ಈ ತಕ್ಕಡಿಯನ್ನೇ. ಒಂದು ಗಳಿಗೆ ಅವಳಿಗೂ, ಇಳಿ ಯವ್ವಾ, ಎರಡು ದಿನ ಉಂಡು ಆಮೇಲೆ ನಡೆಯುವಿಯಂತೆ ಎನ್ನಬೇಕು ಅನಿಸಿತು. ಅಷ್ಟರಲ್ಲಿ ಸುರೇಖಾಳ ಕಾಲು ಕಂಡವು. ಹಲಗೆಯಿಂದ ಕೆಳಗೆ ತೂಗಾಡುತ್ತ, ತನಗೇ ಗೊತ್ತಿಲ್ಲದ ಹಾಗೆ ಹಿಂದೆ ಮುಂದೆ ಆಡುತ್ತಿದ್ದವು. ಸಣ್ಣವಳಿದ್ದಾಗ ಆಡಿಸುತ್ತಿದ್ದ ಹಾಗೆಯೇ.

ಪಾರ್ವತೆಮ್ಮ ಒಳಗೆ ಹೋದಳು. ಹೊರಗೆ ಬಂದಾಗ ಅವಳ ಕೈಯಲ್ಲಿ ದೊಡ್ಡ ಸ್ಟೀಲಿನ ಡಬ್ಬಿ ಇತ್ತು. ತುಂಬ ಅಂಟಿನ ಉಂಡೆ. ತಲೆಗೆ ಎಲ್ಲ ತಿಳಿದ ಮೇಲೂ ಹಿಂದಿನ ದಿನ ಅವಳ ಕೈ ತಾನೇ ಕಟ್ಟಿಬಿಟ್ಟಿದ್ದ ಉಂಡೆ. ಅದನ್ನು ತಂದು ಮೊಮ್ಮಗಳ ಪಕ್ಕದಲ್ಲಿ, ಅವಳ ಹಲಗೆಯ ಮೇಲೆಯೇ ಇಟ್ಟಳು. ತೊಲೆ ಕಿರ್ ಎಂದಿತು, ಬೆಲ್ಲ ಅಲುಗಿತು, ಏಳಲಿಲ್ಲ. ಮತ್ತೆ ಒಳಗೆ ಹೋಗಿ ತುಪ್ಪದ ಡಬ್ಬಿ ತಂದಳು, ಸುರೇಖಾಳ ತಟ್ಟೆಗೆಂದೇ ಬೇರೆ ತೆಗೆದಿಟ್ಟಿದ್ದ ತುಪ್ಪ. ಬೆಲ್ಲದ ಹಲಗೆ ನೆಲ ಬಿಟ್ಟಿತು, ತೂಗಾಡಿತು, ಎರಡೂ ಸಮಕ್ಕೆ ಬಂದು ನಿಂತವು.

"ಆತಿಲ್ಲೊ? ಹೋದ ವರ್ಷದಷ್ಟ ಐತಿ, ಒಂದು ಗುಂಜಿ ಕಡಿಮಿ ಇಲ್ಲ," ಎಂದಳು ಪಾರ್ವತೆಮ್ಮ ಗಟ್ಟಿಯಾಗಿ. "ಇದೂ ಅಕಿ ತೂಕಾನ. ಇಷ್ಟು ದಿನಾ ಮೈಮ್ಯಾಲ ಇತ್ತು, ಈ ವರ್ಷ ಬಗಲಾಗ ಐತಿ. ಇಟ್ಟದ್ದು ತೆಗೆಯೂ ಹಂಗಿಲ್ಲ ಅಂದ್ರಲ್ಲ, ಇದನ್ನೂ ತೆಗಿಯಂಗಿಲ್ಲ. ಬೆಲ್ಲದ ಜೋಡಿ ಹುಲಿಗಿಗೆ ಹೋಗ್ತೈತಿ, ಹಂಚಿ ಬರೂಣು."

"ಯವ್ವಾ, ನಿನಗ ತಲಿ ಸರಿ ಐತೇನು? ಕೂಸು ಸೊರಗೇತಿ..." ಎಂದ ಹಂಪಣ್ಣ.

"ಸೊರಗಿಲ್ಲೋ. ನಡದಾಳ. ನಾ ಕಣ್ಣಾರೆ ನೋಡೀನಿ. ಬಳ್ಳಾರ್ಯಾಗ ರಕ್ತಾ ತೋರಿಸಿ ಬಂದೀವಿ, ಎಲ್ಲಾ ಛಲೋ ಐತಿ. ತೂಕ ಇಳಸ್ರಿ ಅಂದವರೂ ಅವರ. ಅಕಿ ಎದಿಗೆ ಈ ಹೊರಿ ಆಗಂಗಿಲ್ಲಂತ."

"ನಿನಗ ಗೊತ್ತಿತ್ತು?"

"ನಂಗೂ ಗೊತ್ತಿತ್ತು," ಎಂದಳು ಶಾಹಜಾದಬಿ ಗುಂಪಿನೊಳಗಿಂದ.

"ನೀ ಸುಮ್ಮನಿರ, ಉಂಡಿಕಳ್ಳಿ!" ಎಂದಳು ಪಾರ್ವತೆಮ್ಮ. ಮೆಹಬೂಬಬೀ ಮಗಳ ಗಲ್ಲವನ್ನು ಅನುಮಾನದಿಂದ ತಿರುಗಿಸಿ ನೋಡಿದಳು, ಓಣಿಯಲ್ಲಿ ಮೊದಲ ನಗು ಅಲ್ಲಿಂದ ಎದ್ದಿತು. ವಿಜಯಲಕ್ಷ್ಮಿ ನಗಲಿಲ್ಲ. ಮಗಳ ತೋಳನ್ನು ಇನ್ನೂ ಹಿಡಿದಿದ್ದಳು. ಹಿಡಿದುಕೊಂಡೇ, ಮೆಲ್ಲಗೆ, "ಖರೇನ?" ಎಂದು ಕೇಳಿದಳು. ಸುರೇಖಾ ತಲೆಯಾಡಿಸಿದಳು. ವಿಜಯಲಕ್ಷ್ಮಿ ಕಟ್ಟೆಯ ಮೇಲಿನ ಆರತಿ ತಟ್ಟೆ ಕೈಗೆ ತೆಗೆದುಕೊಂಡಳು.

ಹಂಪಣ್ಣ ಮಾತ್ರ ಪೂರ್ತಿ ಒಪ್ಪಿದಂತೆ ಕಾಣಲಿಲ್ಲ. ಹುಲಿಗಿಗೆ ಹೋಗುವಾಗ ಟೆಂಪೋದಲ್ಲಿ ಮಗಳ ಎದುರು ಕೂತು ದಾರಿಯುದ್ದಕ್ಕೂ ಅವಳನ್ನೇ ನೋಡುತ್ತಿದ್ದ. ಗುಡಿಯ ಮುಂದೆ ಬೆಲ್ಲ, ಉಂಡೆ ಹಂಚುವಾಗಲೂ ಒಂದು ಕಣ್ಣು ಅವಳ ಮೇಲೆಯೇ. ಬರುವಾಗ ಕೊನೆಗೆ ಕೇಳಿದ, "ದಿನಾ ಎಲ್ಲಿಗಿ ನಡೀತಾಳಿಕಿ?"

"ನಾಳೆ ಬಂದ ನೋಡು," ಎಂದಳು ಪಾರ್ವತೆಮ್ಮ.

ಬಂದ. ನಸುಕಿನಲ್ಲಿ ಕಾಲುವೆಯ ಏರಿಯ ಮೇಲೆ ಮಗಳ ಹಿಂದೆ ಹೊರಟ. ಅವಳು ಬಿದ್ದರೆ ಹಿಡಿಯಬೇಕೆಂದು ಕೈ ಎರಡೂ ಸ್ವಲ್ಪ ಮುಂದೆ ಚಾಚಿಕೊಂಡೇ ನಡೆದ. ಸುರೇಖಾ ಬೀಳಲಿಲ್ಲ. ಬೀಸು ಹೆಜ್ಜೆ ಹಾಕುತ್ತ ಶಾಹಜಾದಬಿಯ ಜೊತೆ ಏನೋ ಹೇಳಿ ನಗುತ್ತ ಮುಂದೆ ಮುಂದೆ ಹೋದಳು. ಹಂಪಣ್ಣ ಏದುಸಿರು ಬಿಡುತ್ತ ಸ್ವಲ್ಪ ದೂರಕ್ಕೇ ತಿರುಗಿ ಬಂದು, ಪಂಪಿನ ಕೋಣೆಯ ಹತ್ತಿರ ಕಲ್ಲಿನ ಮೇಲೆ ಕೂತಿದ್ದ ತಾಯಿಯ ಪಕ್ಕದಲ್ಲಿ ಕುಸಿದ.

"ಎಲ್ಲಿಗಿ ಹೊಂಟಾರಬೇ ಇವರು, ಇಷ್ಟು ಅವಸರಲೆ?"

"ಎಲ್ಲಿಗೂ ಇಲ್ಲ."

"ಎಲ್ಲಿಗೂ ಇಲ್ಲ ಅಂದ್ರ?"

"ಸುಮ್ಮನ ಕೂತು ನೋಡು. ತಿರುಗಿ ಬರ್ತಾಳ."

ಇಬ್ಬರೂ ಮಂಜಿನೊಳಗೆ ಕಣ್ಣು ಕಿರಿದು ಮಾಡಿ ನೋಡುತ್ತ ಕೂತರು. ದೂರದ ಸೇತುವೆಯ ಹತ್ತಿರ ಎರಡು ಚುಕ್ಕೆಗಳು ಸಣ್ಣಗಾಗುತ್ತ ಹೋಗಿ, ಒಂದು ಗಳಿಗೆ ನಿಂತು, ಈ ಕಡೆ ತಿರುಗಿದವು.